ಪದ ಬೇಕಾಗಿದೆ: ನ್ಯೂಟ್ ಮರಿಗಳ ‘ಲೈವ್ ಫುಡ್’

ಮಾನ್ಯರೆ,

ಜರ್ಮನಿಯಲ್ಲಿರುವ ನನ್ನ ತಂಗಿ ಸಾಕಿರುವ ಸ್ಪೇನ್ ಮೂಲದ, ನೋಡಲು ಹಲ್ಲಿಯಂತಿರುವ ಉಭಯಚರಗಳಾದ ನ್ಯೂಟ್‌ಗಳು ಮರಿ ಮಾಡಿವೆ. ಮುಂದಿನ ವಾರ ಅವಳು ಊರಿನಲ್ಲಿ ಇರುವುದಿಲ್ಲವಾದ್ದರಿಂದ, ಮರಿಗಳ ಹೊಣೆ ತೀರ್ಥಹಳ್ಳಿಯಿಂದ ಹೋಗಿರುವ ಅವಳ ಅತ್ತೆಯವರ ಮೇಲೆ ಬಿದ್ದಿದೆ. ಸೂಚನೆಗಳ ಹಾಳೆಯನ್ನು ನಾನು ಶನಿವಾರದೊಳಗೆ ಕನ್ನಡಕ್ಕೆ ತಂದು ಕಳುಹಿಸಬೇಕು. ಮಿಸುಕಾಡದ ಆಹಾರವನ್ನು ಈ ಮರಿಗಳು ಮೂಸಿಯೂ ನೋಡುವುದಿಲ್ಲವಾದ್ದರಿಂದ ಹಾಳೆಯ ತುಂಬ ‘ಲೈವ್ ಫುಡ್’ ಎಂದೇ ಇದೆ. ‘ಜೀವಂತ ಆಹಾರ’ ನನ್ನ ಕಿವಿಗೆ ಒಗ್ಗುತ್ತಿಲ್ಲ. ಹಾಳೆಯಲ್ಲಿರುವ ಡ್ಯಾಫ್ನಿಯಾ ಎಂಬ ಸಣ್ಣ ನೀರುಜೀವಿಯನ್ನು ‘ನೀರುಚಿಗಟ’ ಎಂದೂ ಬ್ಲಡ್‌ವರ್ಮನ್ನು ‘ರಕ್ತಹುಳು’ ಎಂದೂ ಬರೆದಿದ್ದೇನೆ. ತಿದ್ದಬೇಕೆ?

ಮೊದಲ ಉತ್ತರ

‘ಎರೆ’ ಎಂದು ಬರೆಯಿರಿ. ತಮಿಳಿನಲ್ಲಿ ‘ಇರೈ’ ಎಂದರೆ ಪ್ರಾಣಿಪಕ್ಷಿಗಳು ಹಿಡಿದು ತಿನ್ನುವ ಆಹಾರ. ತೆಲುಗಿನಲ್ಲಿ ‘ಎರ’ ಎಂದರೆ ಗಾಳಕ್ಕೆ ಸಿಕ್ಕಿಸುವಂಥದ್ದು. ನಮ್ಮ ಎರೆಹುಳುವಿನಲ್ಲಿರುವುದೂ ಇದೇ ಎರೆ. ಕಪ್ಪು ಎರೆಮಣ್ಣಿನಿಂದ ಅದಕ್ಕೆ ಹೆಸರು ಬಂದಿತೆನ್ನುವವರು, ಮಲೆನಾಡಿನ ಕೆಂಪು ಮಣ್ಣಿನಲ್ಲೂ ಅದು ಎರೆಹುಳುವೇ ಆಗಿರುವುದು ಹೇಗೆಂದು ಮೊದಲು ವಿವರಿಸಲಿ. ಎರೆಯೆಂಬ ಮಾತು ಮನೆಯಲ್ಲೇ ಇರುವಾಗ ಸಂಸ್ಕೃತದಿಂದ ಎರಡು ಪದ ಕಡ ತರುವುದು ಬರೀ ಸೋಮಾರಿತನ.

ಎರಡನೆಯ ಉತ್ತರ

ವ್ಯುತ್ಪತ್ತಿ ಸರಿ, ಸಲಹೆ ಕೆಟ್ಟದ್ದು. ‘ಎರೆ ಹಾಕಿ’ ಎಂದು ಓದಿದವರು ಅಂಗುಲವೂ ಇಲ್ಲದ ಮರಿಯ ಮುಂದೆ ಗೇಣುದ್ದದ ಎರೆಹುಳುವನ್ನು ಇಳಿಬಿಡುತ್ತಾರೆ. ‘ರಕ್ತಹುಳು’ ಕೂಡ ತಪ್ಪು: ಅದು ಹುಳುವಲ್ಲ, ಸೊಳ್ಳೆಯಂತೆ ಕಾಣುವ ಆದರೆ ಕಚ್ಚದ ಕೀಟದ ಲಾರ್ವಾ, ಅದರ ಕೆಂಪು ಅದರದೇ ಹಿಮೋಗ್ಲೋಬಿನ್‌ನದು. ಡ್ಯಾಫ್ನಿಯಾ ಸೀಗಡಿಯ ಕಡೆಯ ನೆಂಟ; ಚಿಗಟವೆಂದರೆ ಅತ್ತೆಯವರು ಚೀಲವನ್ನೇ ಹೊರಗೆಸೆದಾರು. ಡ್ಯಾಫ್ನಿಯಾ, ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥದ್ದು) ಎಂದೇ ಇಡಿ.

ಮೂರನೆಯ ಉತ್ತರ

ರೇಷ್ಮೆಹುಳು ಹುಳುವಲ್ಲವೆ? ಕನ್ನಡದ ಹುಳು ಇಂಗ್ಲಿಷಿನ ‘ವರ್ಮ್’ ಅಲ್ಲ. ಜರ್ಮನರು ಡ್ಯಾಫ್ನಿಯಾವನ್ನು ಇಂದಿಗೂ ನೀರಿನ ಚಿಗಟವೆಂದೇ ಕರೆಯುತ್ತಾರೆ, ಯಾರೂ ಚೀಲ ಎಸೆದಿಲ್ಲ. ‘ನ್ಯೂಟ್’ ಕೂಡ, ‘ಆ್ಯನ್ ಯೂಟ್’ ಎಂಬುದನ್ನು ‘ಎ ನ್ಯೂಟ್’ ಎಂದು ತಪ್ಪಾಗಿ ಬಿಡಿಸಿಕೊಂಡದ್ದರಿಂದ ಹುಟ್ಟಿದ ಪದ. ಅವರ ತಪ್ಪನ್ನು ನಾವೇಕೆ ಹೊರಬೇಕು? ‘ನೀರುಹಲ್ಲಿ’ ಎನ್ನಿ.

ಎರಡನೆಯವರಿಂದ ಮತ್ತೆ

ಅದು ಕಪ್ಪೆಯ ಬಳಗದ್ದು, ಹಲ್ಲಿಯದಲ್ಲ. ಇಷ್ಟು ಸಾಕು.

ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಅತ್ತೆಯವರನ್ನೇ ಫೋನಿನಲ್ಲಿ ಕೇಳಿದೆ. ಎರೆ ಎಂದರೆ ಅವರಿಗೆ ಗಾಳದ ಹುಳುವೇ ನೆನಪಾಯಿತು, ಜೊತೆಗೆ ದೋಸೆಯೂ. ಆದ್ದರಿಂದ ‘ಜೀವ ಇರುವ ಆಹಾರ’ ಎಂದು ಬಿಡಿಸಿ ಬರೆದಿದ್ದೇನೆ. ಆರ್ಟೀಮಿಯಾ ಡಬ್ಬಿಯ ಮೇಲಿದ್ದಂತೆಯೇ ಉಳಿದಿದೆ. ಮೊಟ್ಟೆಯೊಡೆದ ಮೇಲೆ ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ಜಾಲಿಸಿ ಹಾಕಬೇಕೆಂದು ಸೇರಿಸಿದ್ದೇನೆ. ರಕ್ತಹುಳು ‘ಕೆಂಪು ಹುಳು’ ಆಗಿದೆ. ಕೊಳಚೆಯ ಕೆಸರಿನಲ್ಲಿ ಬೆಳೆಯುವ ಟ್ಯೂಬಿಫೆಕ್ಸ್ ಎಂಬ ಹುಳು ರೋಗ ತರಬಹುದಾದ್ದರಿಂದ ಅದನ್ನು ಬೇಡವೆಂದಿದೆ. ಹೊಂಡದಿಂದ ಬಲೆಯಲ್ಲಿ ಹಿಡಿದು ತಂದದ್ದನ್ನು ಸೋಸದೆ ಹಾಕಿದರೆ ಅದರೊಳಗಿನ ಡ್ರಾಗನ್‌ಫ್ಲೈ ಮರಿಗಳು ನ್ಯೂಟ್ ಮರಿಗಳನ್ನೇ ತಿನ್ನುತ್ತವೆಂಬ ಎಚ್ಚರಿಕೆಯೊಂದೇ ಉಳಿದಿತ್ತು. ಅದಕ್ಕೆ ಅತ್ತೆಯವರು ಹೇಳಿದ ‘ಏರೋಪ್ಲೇನ್ ಚಿಟ್ಟೆಯ ಮರಿ’ ಎಂಬುದನ್ನೇ ಹಾಕಿದ್ದೇನೆ. ಮೊದಲ ಉತ್ತರ ಬರೆದವರು ಕ್ಷಮಿಸಬೇಕು.