ಜಗಲಿಯಲ್ಲಿ ವಾಷಿಂಗ್ ಮೆಷಿನ್‌ಗೆ ಪಾಯಿಂಟ್: ಲೈಟಿನ ವಯರಿನಿಂದಲೇ ಎಳೆಯಬಹುದಾ?

ಪೆರ್ಲದ_ಮನೆ: ಹಳೆಯ ಮುರಕಲ್ಲಿನ ಮನೆ. ಹಿಂದಿನ ಜಗಲಿಯಲ್ಲಿ ಲೈಟಿನ ಬೋರ್ಡ್ ಮಾತ್ರ ಉಂಟು, ಫೇಸ್ ಮತ್ತು ನ್ಯೂಟ್ರಲ್ ಎರಡೇ ವಯರು. ಅದರಲ್ಲೇ 16 ಆಂಪ್ ಸಾಕೆಟ್ ಕೂರಿಸಿ, ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೆ ಸೇರಿಸಿದರೆ ಸಾಕಂತೆ. ಎಂಸಿಬಿ (ಲೋಡು ಮೀರಿದರೆ ತಾನೇ ಬೀಳುವ ಸ್ವಿಚ್) ಉಂಟು, ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಇಲ್ಲ. ನಾನೇ ಮಾಡಬಹುದಾ?

ಸ್ಕ್ರೂಡ್ರೈವರ್: ಅರ್ಥನ್ನು ನ್ಯೂಟ್ರಲ್‌ಗೆ ಸೇರಿಸುವುದೊಂದು ಬೇಡ ಮಾರಾಯ್ರೆ. ಹಿಂದೆ ಎಲ್ಲಾದರೂ ನ್ಯೂಟ್ರಲ್ ಕಡಿದರೆ ಫೇಸು ಮೋಟರಿನ ಮೂಲಕ ಹಾದು ಮೆಷಿನ್ನಿನ ಬಾಡಿಗೇ ಬರುತ್ತದೆ. ಮೆಷಿನ್ ನಿಂತಿರುತ್ತದೆ, ಕರೆಂಟ್ ಹೋಗಿದೆ ಅಂತ ಒದ್ದೆ ಕೈಯಲ್ಲಿ ಮುಟ್ಟುತ್ತೀರಿ.

ಲೈಟಿನ ವಯರು ಹೆಚ್ಚಾಗಿ 1 ಅಥವಾ 1.5 ಚದರ ಮಿ.ಮೀ. ನೀರು ಕಾಯಿಸುವ ಮೆಷಿನ್ 2000 ವಾಟ್ ಅಂದರೂ ಸುಮಾರು 9 ಆಂಪ್ ಎಳೆಯುತ್ತದೆ. ಹಳೆಯ ಜಾಯಿಂಟುಗಳು ಮೊದಲು ಕಾಯುವುದು ಅಲ್ಲೇ. ಡಿಬಿಯಿಂದ (ಎಂಸಿಬಿಗಳಿರುವ ಪೆಟ್ಟಿಗೆ) ಬೇರೆಯೇ ಲೈನ್ ಎಳೆಯಿರಿ: 2.5ರ ತಾಮ್ರದ ವಯರು ಮೂರು (ಕೆಂಪು, ಕಪ್ಪು, ಹಸಿರು), ಅದಕ್ಕೇ ಒಂದು 16 ಆಂಪ್ ಎಂಸಿಬಿ. ಎದುರಿನಿಂದ ನೋಡಿದಾಗ ಸಾಕೆಟಿನ ಮೇಲಿನ ದೊಡ್ಡ ತೂತು ಅರ್ಥ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ಗೋಡೆ ಕೊರೆದು ಪೈಪ್ ಕೂರಿಸುವುದು ನೀವೇ ಮಾಡಿ. ಡಿಬಿಯೊಳಗಿನ ಜೋಡಣೆ ಪರ್ಮಿಟ್ ಇರುವ ವಯರ್‌ಮನ್‌ಗೆ ಬಿಡಿ.

ಮುರಕಲ್ಲು: ಮೇಲಿನದೆಲ್ಲ ಸರಿ, ಆದರೆ ಆರ್‌ಸಿಸಿಬಿ ಇಲ್ಲದೆ ಅದು ಅರ್ಧ ಕೆಲಸ. ನಮ್ಮ ಕಡೆಯ ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದರೆ ಅರ್ಥ್ ಗುಂಡಿಯ ರೆಸಿಸ್ಟೆನ್ಸ್ ಏರುತ್ತದೆ. 20 ಓಮ್ ಅಂತ ಇಟ್ಟುಕೊಳ್ಳಿ. ಫೇಸು ಬಾಡಿಗೆ ತಾಗಿದರೆ ಹರಿಯುವುದು 230 ಭಾಗಿಸು 20, ಅಂದರೆ 11.5 ಆಂಪ್. 16ರ ಎಂಸಿಬಿಗೆ ಅದು ಮಾಮೂಲಿ ಲೋಡು, ಬೀಳುವುದೇ ಇಲ್ಲ. ಬಾಡಿಯಲ್ಲಿ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ನಿಂತಿರುತ್ತದೆ. 30 ಮಿಲಿಆಂಪಿನ ಆರ್‌ಸಿಸಿಬಿಯಾದರೆ ಅದೇ ಗುಂಡಿಯಲ್ಲೂ ಕೂಡಲೇ ಬೀಳುತ್ತದೆ. 100 ಅಥವಾ 300 ಮಿಲಿಆಂಪಿನದ್ದು ಜೀವ ಉಳಿಸಲಿಕ್ಕೆ ಅಲ್ಲ. ಅಂಗಡಿಯಲ್ಲಿ ಅದನ್ನು ದಾಟಿಸಲು ನೋಡಿದರೆ ತರಬೇಡಿ.

ಟೆಸ್ಟ್ ಬಟನ್ ಒತ್ತಿದಾಗ ಬಿದ್ದರೆ ಅರ್ಥ್ ಸರಿ ಉಂಟು ಅಂತಲ್ಲ. ಆ ಬಟನ್ನಿಗೆ ಅರ್ಥ್ ವಯರೇ ಬೇಡ. ಗುಂಡಿಯನ್ನು ಮೀಟರ್ ಇಟ್ಟು ಅಳೆಸಿ.

ಪೆರ್ಲದ_ಮನೆ: ಹಾಗಾದರೆ ಹೊಸ ಲೈನೇ ಆಗಲಿ. ಇನ್ವರ್ಟರ್ ಉಂಟು, ಅದರಿಂದ ತೊಂದರೆ ಬರುತ್ತದಾ?

ಸ್ಕ್ರೂಡ್ರೈವರ್: ಬರುತ್ತದೆ, ಎರಡು ಕಡೆ. ಮೈನ್ ಆಫ್ ಮಾಡಿದರೂ ಇನ್ವರ್ಟರಿನ ಲೈಟು-ಫ್ಯಾನಿನ ವಯರಿನಲ್ಲಿ 230 ವೋಲ್ಟ್ ಇರುತ್ತದೆ. ಬೋರ್ಡ್ ಬಿಚ್ಚುವ ಮೊದಲು ಇನ್ವರ್ಟರಿನ ಔಟ್‌ಪುಟ್ಟನ್ನೂ ಬಿಡಿಸಿ. ಬರೀ ನಿಯಾನ್ ಟೆಸ್ಟರ್ ನಂಬಬೇಡಿ, ರಬ್ಬರ್ ಚಪ್ಪಲಿ ಹಾಕಿ ನಿಂತರೆ ಅದು ಮಂಕಾಗಿಯೇ ಉಳಿಯಬಹುದು. ಮಲ್ಟಿಮೀಟರಿನಲ್ಲಿ ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಮೂರೂ ನೋಡಿ. ಮೀಟರನ್ನು ಮೊದಲು ಕರೆಂಟಿರುವ ಸಾಕೆಟಿನಲ್ಲಿ ಪರೀಕ್ಷಿಸಿಕೊಳ್ಳಿ.

ಇನ್ನೊಂದು, ಹಳೆಯ ಮನೆಗಳಲ್ಲಿ ಇನ್ವರ್ಟರಿನ ನ್ಯೂಟ್ರಲ್ಲೂ ಮನೆಯ ನ್ಯೂಟ್ರಲ್ಲೂ ಎಲ್ಲೋ ಕೂಡಿಕೊಂಡಿರುತ್ತವೆ. ಆರ್‌ಸಿಸಿಬಿ ಕೂರಿಸಿದ ದಿನವೇ ಅದು ಸುಮ್ಮಸುಮ್ಮನೆ ಬೀಳಲು ಶುರು. ಆಗ ಆರ್‌ಸಿಸಿಬಿಯನ್ನು ಕಿತ್ತು ನೇರ ಕೊಡಬೇಡಿ, ನ್ಯೂಟ್ರಲ್‌ಗಳನ್ನು ಬೇರೆ ಬೇರೆ ಮಾಡಿಸಿ.