ಪಿನ್ ಪಾರ್ವತಿ ಪಾಸ್: ವಾಪಸ್ ಅನ್ನೋ ಮಾತು ಯಾರು, ಎಲ್ಲಿ ಹೇಳಬೇಕು?

ಚಾರಣಹುಚ್ಚು:
ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ಎಂಟು ಜನ ಹಿಮಾಚಲದ ಪಿನ್ ಪಾರ್ವತಿ ಪಾಸ್ (5,319 ಮೀ. ಎತ್ತರದ ಬೆಟ್ಟದ ಕಣಿವೆದಾರಿ) ದಾಟಬೇಕು ಅಂತಿದ್ದೇವೆ. ಪಾರ್ವತಿ ಕಣಿವೆಯ ಬರ್ಶೇಣಿಯಿಂದ ಹತ್ತಿ ಸ್ಪಿತಿಯ ಮುಧ್‌ಗೆ ಇಳಿಯೋದು. ಇಬ್ಬರು ಸ್ಥಳೀಯ ಗೈಡ್‌ಗಳಿದ್ದಾರೆ, ತಂಡದ ಹೊಣೆ ನನ್ನದು. ಯಾರಿಗಾದರೂ ಎತ್ತರದ ತೊಂದರೆ ಶುರುವಾದರೆ ಅಥವಾ ತಡವಾದರೆ, ಎಲ್ಲರನ್ನೂ ಕೇಳಿ ಬಹುಮತದ ಮೇಲೆ ಹೋಗೋದಾ, ನಾನೇ ಹೇಳಿಬಿಡೋದಾ?

ಹಗ್ಗದತುದಿ:
ಮತ ಹಾಕಿಸಬೇಡಿ. 5,000 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ನಿದ್ದೆಗೆಟ್ಟು, ಊಟ ಸೇರದೆ ಇರೋ ಎಂಟು ತಲೆ ಸೇರಿದರೂ ಒಂದು ಸರಿಯಾದ ತೀರ್ಮಾನ ಹುಟ್ಟೋದು ಕಷ್ಟ. ಎಲ್ಲವನ್ನೂ ಬರ್ಶೇಣಿಯಲ್ಲೇ ಬರೆದಿಡಿ. ಮೇಲೆ ಹೋದಮೇಲೆ ಬರೆದದ್ದನ್ನು ಪಾಲಿಸೋದಷ್ಟೇ ನಿಮ್ಮ ಕೆಲಸ.

ಮೊದಲು ಗಡಿಯಾರದ ಗೆರೆ, ಅಂದರೆ ಎಲ್ಲಿದ್ದರೂ ವಾಪಸ್ ತಿರುಗುವ ಹೊತ್ತು. ಬೆಳಗಿನ ಜಾವ 4ಕ್ಕೆ ಹೊರಟಿರಿ ಅನ್ನಿ, ಗೈಡ್ ಜೊತೆ ಕೂತು 10 ಗಂಟೆ ಅಂತ ಇಟ್ಟುಕೊಳ್ಳಿ. ಹತ್ತಾದಾಗ ಪಾಸ್ ನೂರು ಮೀಟರ್ ದೂರದಲ್ಲಿ ಕಾಣುತ್ತಿದ್ದರೂ ತಿರುಗಬೇಕು. ಬಿಸಿಲೇರಿದ ಮೇಲೆ ಹಿಮ ಮೆತ್ತಗಾಗಿ ಹಿಮನದಿಯ ಬಿರುಕುಗಳ ಮೇಲಿನ ಹಿಮಸೇತುವೆಗಳು ಸಡಿಲವಾಗುತ್ತವೆ. ಇಳಿಯುವ ಕಡೆಯೂ ಹಿಮನದಿಯೇ.

1996ರ ಮೇ 10ರಂದು ಎವರೆಸ್ಟಿನ ದಕ್ಷಿಣ ಬದಿಯಲ್ಲಿ ಕೆಟ್ಟದ್ದು ಇದೇ. ತಿರುಗುವ ಹೊತ್ತು ಮಧ್ಯಾಹ್ನ 1 ಅಥವಾ 2 ಅಂತ ಮಾತಿತ್ತು, ಆದರೆ ಒಂದೋ ಎರಡೋ ಅನ್ನೋದು ಗಟ್ಟಿಯಾಗಿರಲಿಲ್ಲ. ಮೇಲೆ ಹಗ್ಗ ಕಟ್ಟಿರಲಿಲ್ಲ, ಕಾಯುತ್ತಾ ಹೊತ್ತು ಹೋಯಿತು. ಕೊನೆಯವರು ತುದಿ ಮುಟ್ಟುವಾಗ 4 ದಾಟಿತ್ತು, ಇಳಿಯುವವರನ್ನು ಬಿರುಗಾಳಿ ಹಿಡಿಯಿತು. ಅಂದು ಮತ್ತು ಮರುದಿನ ಪರ್ವತದ ಎರಡೂ ಬದಿ ಸೇರಿ ಎಂಟು ಜನ ತೀರಿಕೊಂಡರು. ಅನುಭವಕ್ಕೆ ಅಲ್ಲಿ ಬರ ಇರಲಿಲ್ಲ. ಗೆರೆಯೇ ಗಂಟೆಗಟ್ಟಲೆ ದಪ್ಪ ಆಗಿಬಿಟ್ಟಿತ್ತು.

ಮಂತಲಾಯಿಮಂಜು:
ಮೇಲಿನ ಮಾತಿಗೆ ಒಂದು ಸೇರಿಸಬೇಕು. ಕಾಯಿಲೆ ವಿಷಯಕ್ಕೆ ತೀರ್ಮಾನದ ಜಾಗ ಪಾಸ್ ಅಲ್ಲ, ಮಂತಲಾಯಿ ಸರೋವರ (ಸುಮಾರು 4,100 ಮೀ.). ಅಲ್ಲಿಂದ ಮೇಲಿನ ಕ್ಯಾಂಪಿಗೆ ಹೋಗೋದೇ ಒಂದು ದೊಡ್ಡ ಜಿಗಿತ. 3,000 ಮೀಟರ್ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಅದಕ್ಕಿಂತ ಹೆಚ್ಚು ಏರೋದು ತಪ್ಪಿಸಲಾಗದ ಕಡೆ ಮೊದಲೇ ಒಂದು ದಿನ ನಿಲ್ಲಬೇಕು. ಮಂತಲಾಯಿಯಲ್ಲಿ ಒಂದು ಹೆಚ್ಚುವರಿ ದಿನ ಇಟ್ಟುಕೊಳ್ಳದ ಪ್ಲಾನ್ ನನಗೆ ಪ್ಲಾನೇ ಅಲ್ಲ. ಪಾರ್ವತಿ ಕಣಿವೆ ಉದ್ದ, ಇಳಿಜಾರು ಕಡಿಮೆ. ಕಾಯಿಲೆಯಾದವರನ್ನು ನಾಲ್ಕು ನೂರು ಮೀಟರ್ ಇಳಿಸೋಕೂ ಬಹಳ ನಡೆಯಬೇಕು. ಇನ್ನೂ ಕೆಳಗೆ ಪಾಂಡು ಪುಲ್‌ನ ಬಂಡೆಗಳನ್ನು ಹತ್ತಿ ದಾಟಬೇಕು. ತೂರಾಡುವವರನ್ನು ಅಲ್ಲಿ ದಾಟಿಸೋದು ಎಂಥಾ ಕೆಲಸ ಅಂತ ಯೋಚಿಸಿ.

ದಿನಾ ಬೆಳಿಗ್ಗೆ, ಸಂಜೆ ಲೇಕ್ ಲೂಯಿಸ್ ಅಂಕ (ಎತ್ತರದ ಕಾಯಿಲೆ ಅಳೆಯುವ ಪಟ್ಟಿ) ಬರೆದುಕೊಳ್ಳಿ: ತಲೆನೋವು, ಹೊಟ್ಟೆ ತೊಳೆಸೋದು, ಸುಸ್ತು, ತಲೆಸುತ್ತು, ಪ್ರತಿಯೊಂದಕ್ಕೂ 0ರಿಂದ 3. ತಲೆನೋವಿದ್ದು ಒಟ್ಟು 3 ಆದರೆ ಆ ವ್ಯಕ್ತಿ ಮುಂದಿನ ಎತ್ತರಕ್ಕೆ ಹೋಗುವಂತಿಲ್ಲ. ಅಂಕ ಹೇಳುವಾಗ ಹೊಸಬರಿಂದ ಶುರುಮಾಡಿ, ನೀವು ಕೊನೆಗೆ ಹೇಳಿ. ನೀವು ಮೊದಲು "ನನಗೇನಿಲ್ಲ" ಅಂದರೆ ಉಳಿದ ಏಳೂ ಜನ ಅದನ್ನೇ ಅಂತಾರೆ.

ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನೇರ ಗೆರೆ ಮೇಲೆ ನಡೆಸಿ ನೋಡಿ. ವಾಲಿದರೆ ಮಿದುಳಿನ ಊತ ಅಂತಲೇ ತಿಳಿದು ರಾತ್ರಿಯಾದರೂ ಇಳಿಸಿ, ಬೆಳಗಾಗಲಿ ಅನ್ನಬೇಡಿ. ಸುಮ್ಮನೆ ಕೂತಾಗಲೂ ಏದುಸಿರು ಇದ್ದರೆ ಶ್ವಾಸಕೋಶದ ತೊಂದರೆ, ಆಗಲೂ ಇಳಿಯಲೇಬೇಕು. ಒಬ್ಬರನ್ನೇ ಕಳಿಸಬೇಡಿ, ಜೊತೆಗೆ ಇಬ್ಬರು, ಅದರಲ್ಲಿ ಒಬ್ಬ ಗೈಡ್. ಡೆಕ್ಸಾಮೆಥಾಸೋನ್, ಅಸೆಟಾಜೋಲಮೈಡ್ ಪ್ರಮಾಣವನ್ನು ಹೊರಡುವ ಮುಂಚೆ ವೈದ್ಯರಿಂದ ಬರೆಸಿಕೊಳ್ಳಿ. ಔಷಧಿ ಇಳಿಯೋಕೆ ಸಮಯ ಕೊಡುತ್ತೆ, ಇಳಿಯೋದರ ಬದಲಿಗೆ ಅಲ್ಲ.

ಚಾರಣಹುಚ್ಚು:
ಒಬ್ಬ ಗೈಡ್ ಕೆಳಗೆ ಹೋದರೆ ಉಳಿದವರು ಒಬ್ಬ ಗೈಡ್ ಜೊತೆ ಹಿಮನದಿ ದಾಟಬಹುದಾ?

ಹಗ್ಗದತುದಿ:
ಎಂಟರಲ್ಲಿ ಇಬ್ಬರು ಕೆಳಗೆ ಹೋದರೆ ಉಳಿದವರು ಆರು. ಒಬ್ಬ ಗೈಡ್ ಒಂದು ಹಗ್ಗ (ಅಂದರೆ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ನಡೆಯುವವರು) ಮಾತ್ರ ನೋಡಿಕೊಳ್ಳಬಲ್ಲರು. ಇನ್ನೊಂದು ಹಗ್ಗದ ಮುಂದೆ ಬಿರುಕಿಗೆ ಬಿದ್ದವರನ್ನು ಎತ್ತೋದು ಗೊತ್ತಿರುವವರು ಇಲ್ಲದಿದ್ದರೆ ಎಲ್ಲರೂ ವಾಪಸ್. ಇದನ್ನೂ ಬರೆದಿಡಿ.

ಹಗ್ಗಕ್ಕೆ ನಾಲ್ಕು ಜನ, ನಡುವೆ 10ರಿಂದ 12 ಮೀಟರ್. ಹಗ್ಗ ಹಿಮಕ್ಕೆ ಸ್ವಲ್ಪ ತಾಗುವಷ್ಟು ಬಿಗಿ ಇರಲಿ. ಸುರುಳಿ ಮಾಡಿ ಕೈಯಲ್ಲಿ ಹಿಡಿದುಕೊಳ್ಳೋದು ಎಲ್ಲರೂ ಮಾಡುವ ತಪ್ಪು: ಮುಂದಿನವರು ಬಿದ್ದರೆ ಅಷ್ಟು ಉದ್ದ ಸಡಿಲ ಹಗ್ಗ ಒಮ್ಮೆಲೆ ಜಗ್ಗಿ ಹಿಂದಿನವರನ್ನೂ ಕೆಡವುತ್ತೆ. ಬಿರುಕಿನ ಉದ್ದಕ್ಕೆ ಸಮವಾಗಿ ನಡೆಯಬೇಡಿ, ನಾಲ್ಕೂ ಜನ ಒಂದೇ ಬಿರುಕಿನ ಮೇಲಿರುತ್ತೀರಿ. ಹಗ್ಗ ಜಗ್ಗಿದಾಗ "ಬೇಗ ಬಾ" ಅಂತ ಕೂಗದೆ ನಿಂತುಬಿಡಿ; ನಡಿಗೆಯ ವೇಗ ಅತಿ ನಿಧಾನದವರದ್ದು. ಅವರನ್ನು ಮುಂದಿನವರ ಬೆನ್ನಿಗೇ, ಅಂದರೆ ಎರಡನೇ ಜಾಗದಲ್ಲಿ ಇಡಿ, ಬಾಲದಲ್ಲಿ ಅಲ್ಲ.