ಎರಡು ಟೂರಿಂಗ್ ಕಾರಿನ ತಂಡಕ್ಕೆ ಎಷ್ಟು ಜನ ಬೇಕು? ಯಾವ ಕೆಲಸ ಯಾರ ತಲೆಗೆ?

ಮೂರನೇ_ಗೇರ್:
ಮುಂದಿನ ಸೀಸನ್‌ಗೆ ಎರಡು ಟಿಸಿಆರ್ (ಮಾಮೂಲಿ ಕಾರಿನ ಮೇಲೆ ಕಟ್ಟಿದ, ಮುಂದಿನ ಚಕ್ರ ಎಳೆಯುವ ರೇಸ್ ಕಾರಿನ ವರ್ಗ) ಕಾರು ಇಳಿಸುವ ಯೋಜನೆ ಇದೆ. ಸ್ಪ್ರಿಂಟ್ ರೇಸ್ ಮಾತ್ರ. ವಾರಾಂತ್ಯಕ್ಕೆ ಎರಡು ಪ್ರಾಕ್ಟೀಸ್, ಒಂದು ಕ್ವಾಲಿಫೈಯಿಂಗ್ (ರೇಸ್ ಶುರುವಿನ ಸ್ಥಾನ ತೀರ್ಮಾನಿಸುವ ಓಟ), ಅರ್ಧರ್ಧ ಗಂಟೆಯ ಎರಡು ರೇಸ್. ರೇಸ್ ನಡೆಯುತ್ತಿರುವಾಗ ಪೆಟ್ರೋಲ್ ತುಂಬುವುದಿಲ್ಲ, ಟೈರ್ ಬದಲಿಸುವುದಿಲ್ಲ. ಕಾರು, ಡ್ರೈವರ್ ಎಲ್ಲ ಗೊತ್ತಾಗಿದೆ. ಜನರ ಲೆಕ್ಕ ಮಾತ್ರ ಕೂಡಿಬರುತ್ತಿಲ್ಲ. ಎಂಟು ಜನ ಸಾಕು ಅನ್ನೋರಿದ್ದಾರೆ, ಹದಿನೈದಕ್ಕಿಂತ ಕಡಿಮೆ ಇದ್ದರೆ ಬರಲೇಬೇಡಿ ಅನ್ನೋರೂ ಇದ್ದಾರೆ. ಯಾವ ಎರಡು ಕೆಲಸವನ್ನು ಒಬ್ಬರಿಗೇ ವಹಿಸಬಹುದು, ಯಾವುದನ್ನು ವಹಿಸಲೇಬಾರದು? ಡೇಟಾಗೆ ಪ್ರತ್ಯೇಕ ಎಂಜಿನಿಯರ್ ಬೇಕಾ? ಟೈರ್‌ಗೆ ಅಂತಲೇ ಒಬ್ಬರನ್ನ ಇಟ್ಟುಕೊಳ್ಳೋದು ದುಬಾರಿ ಅಲ್ವಾ?

ಪಿಟ್‌ಗೋಡೆ:
ನನ್ನ ಲೆಕ್ಕ ಹನ್ನೊಂದು. ತಂಡದ ಮ್ಯಾನೇಜರ್ 1, ರೇಸ್ ಎಂಜಿನಿಯರ್ ಕಾರಿಗೊಬ್ಬರಂತೆ 2, ಎರಡೂ ಕಾರಿಗೆ ಸೇರಿ ಡೇಟಾ ಎಂಜಿನಿಯರ್ 1, ಪ್ರತಿ ಕಾರಿಗೆ ನಂಬರ್ ಒನ್ (ಮುಖ್ಯ) ಮತ್ತು ನಂಬರ್ ಟೂ (ಎರಡನೆಯ) ಮೆಕ್ಯಾನಿಕ್ ಅಂತ 4, ಬಾಡಿ ಮತ್ತು ವೆಲ್ಡಿಂಗ್ ಕೆಲಸಕ್ಕೆ 1, ಟೈರ್‌ಗೆ 1, ಲಾರಿ ಓಡಿಸಿ ಬಿಡಿಭಾಗದ ಲೆಕ್ಕವನ್ನೂ ಇಡೋರು 1. ಪ್ರಾಯೋಜಕರು, ಫೋಟೋ, ಊಟ ಇದನ್ನೆಲ್ಲ ಇದರಲ್ಲಿ ಸೇರಿಸಿಲ್ಲ. ಅದಕ್ಕೆ ಒಬ್ಬರು ಬೇಕೇ ಬೇಕು, ಆದರೆ ಅವರು ಗ್ಯಾರೇಜಿನೊಳಗೆ ಬರದಿದ್ದಷ್ಟೂ ಒಳ್ಳೆಯದು.

ಎಂಜಿನ್‌ಗೆ ಪ್ರತ್ಯೇಕ ಮನುಷ್ಯ ಬೇಡ. ಟಿಸಿಆರ್‌ನ 2 ಲೀಟರ್ ಟರ್ಬೊ ಎಂಜಿನ್ನಿನ ಶಕ್ತಿಯ ಮಟ್ಟವನ್ನು ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್ (ಬೇರೆ ಬೇರೆ ಕಾರುಗಳನ್ನು ಸಮಬಲಕ್ಕೆ ತರುವ) ನಿಯಮವೇ ತೀರ್ಮಾನಿಸುತ್ತೆ. ಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್) ಮುಟ್ಟಲು ನಿಮಗೆ ಅವಕಾಶವೇ ಇಲ್ಲ. ಗ್ರಾಹಕ ತಂಡಗಳಿಗೆಂದೇ ಮಾಡಿದ ವರ್ಗವಾದ್ದರಿಂದ ದೊಡ್ಡ ಸರಣಿಗಳಿಗೆ ಕಾರು ತಯಾರಕರ ಸಹಾಯಕ ಎಂಜಿನಿಯರ್ ಸಾಮಾನ್ಯವಾಗಿ ಬಂದಿರುತ್ತಾರೆ. ಬ್ರಿಟಿಷ್ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್‌ನಲ್ಲೂ ಎಷ್ಟೋ ತಂಡಗಳು ಟೋಕಾ (ಆ ಸರಣಿಯ ಆಯೋಜಕರು) ಎಂಜಿನ್ ಬಾಡಿಗೆಗೆ ತಗೊಳ್ತವೆ. 2022ರಿಂದ ಅದನ್ನು ಎಂ-ಸ್ಪೋರ್ಟ್ ಎಂಬ ಕಂಪನಿ ಕಟ್ಟಿಕೊಡುತ್ತಿದೆ.

ಕೂಡಿಸಬಾರದ್ದು ಮ್ಯಾನೇಜರ್ ಮತ್ತು ರೇಸ್ ಎಂಜಿನಿಯರ್ ಕೆಲಸ. ಮೊದಲ ರೇಸ್‌ನಲ್ಲಿ ನಿಮ್ಮ ಕಾರು ಇನ್ನೊಂದಕ್ಕೆ ತಗುಲಿತು ಅಂದ್ಕೊಳ್ಳಿ. ಸ್ಟೀವರ್ಡ್‌ಗಳು (ರೇಸ್‌ನ ತೀರ್ಪುಗಾರರು) ತಂಡದ ಪ್ರತಿನಿಧಿಯನ್ನು ಕರೆಯೋದು ಕಾರು ಒಳಗೆ ಬಂದ ಸ್ವಲ್ಪ ಹೊತ್ತಿಗೇ. ಎರಡನೇ ರೇಸ್‌ನ ಸೆಟ್‌ಅಪ್ ತೀರ್ಮಾನ ಆಗಬೇಕಾದದ್ದೂ ಆಗಲೇ. ಒಬ್ಬರೇ ಇದ್ದರೆ ಎರಡರಲ್ಲಿ ಒಂದು ಕೆಡುತ್ತೆ, ಸಾಮಾನ್ಯವಾಗಿ ಕೆಡೋದು ಸೆಟ್‌ಅಪ್. ಮಾಲೀಕರೇ ಮ್ಯಾನೇಜರ್ ಆಗೋದಕ್ಕೆ ಅಡ್ಡಿಯಿಲ್ಲ, ಅವರು ರೇಡಿಯೋ ಮೈಕ್ ಮುಟ್ಟದಿದ್ದರೆ. ಡ್ರೈವರ್ ಕಿವಿಗೆ ಬೀಳೋದು ಒಂದೇ ದನಿ, ಅದು ರೇಸ್ ಎಂಜಿನಿಯರ್‌ದು.

ಡೇಟಾ ಎಂಜಿನಿಯರ್ ಬೇಕಾ ಅಂದ್ರಿ. ಕಾರು ಟ್ರ್ಯಾಕ್ ಮೇಲಿರುವಾಗ ರೇಸ್ ಎಂಜಿನಿಯರ್ ಸಮಯ, ಟ್ರಾಫಿಕ್, ಧ್ವಜ ನೋಡ್ತಿರ್ತಾರೆ. ಕಾರು ಒಳಗೆ ಬಂದ ಕೂಡಲೇ ಲಾಗರ್‌ನಿಂದ (ಕಾರಿನ ಸೆನ್ಸರ್ ಮಾಹಿತಿ ದಾಖಲಿಸುವ ಪೆಟ್ಟಿಗೆ) ಡೇಟಾ ಇಳಿಸಿ ಎಣ್ಣೆ ಪ್ರೆಷರ್, ನೀರಿನ ಬಿಸಿ, ಗೇರ್ ಬದಲಾಗುವಾಗ ಎಂಜಿನ್ ಶಕ್ತಿಯ ಕ್ಷಣಿಕ ಕಡಿತ ಸರಿಯಿದೆಯೇ ಅಂತ ನೋಡಬೇಕು. ಇದು ಆರೋಗ್ಯದ ಪರೀಕ್ಷೆ, ವೇಗದ ಮಾತು ಆಮೇಲೆ. ಎಣ್ಣೆ ಪ್ರೆಷರ್ ಉದ್ದನೆ ತಿರುವಿನಲ್ಲಿ ಒಂದು ಕ್ಷಣ ಬಿದ್ದಿದ್ದನ್ನು ಯಾರೂ ನೋಡದೆ ಕಾರು ಮತ್ತೆ ಹೊರಟರೆ ಎಂಜಿನ್ ಹೋಯ್ತು ಅಂತಲೇ ಲೆಕ್ಕ. ಆದ್ದರಿಂದ ಬೇಕು. ಎರಡು ಕಾರಿಗೆ ಒಬ್ಬರು ಸಾಕು.

ಇನ್ನೊಂದು ಅಭ್ಯಾಸ ಶುರುವಿನಿಂದಲೇ ಹಾಕಿಕೊಳ್ಳಿ. ಡ್ರೈವರ್‌ಗೆ ಗ್ರಾಫ್ ತೋರಿಸುವ ಮುಂಚೆ ಅವರ ಮಾತು ಬರೆದುಕೊಳ್ಳಬೇಕು. ತಿರುವಿಗೊಂದರಂತೆ ಬ್ರೇಕ್ ಹಿಡಿವಾಗ, ನಡುವೆ, ಹೊರಬರುವಾಗ ಅಂತ ಮೂರು ಭಾಗ ಮಾಡಿ ಕೇಳಿ. ಗ್ರಾಫ್ ಕಂಡ ಮೇಲೆ ಡ್ರೈವರ್ ಕಾರಿನ ಬಗ್ಗೆ ಮಾತಾಡೋದಿಲ್ಲ, ಗ್ರಾಫ್ ಬಗ್ಗೆ ಮಾತಾಡ್ತಾರೆ.

ನಟ್ಟು_ಬೋಲ್ಟು:
ಮೇಲಿನ ಲೆಕ್ಕ ಒಪ್ಪಿದೆ. ಕಾರಿಗೆ ಇಬ್ಬರು ಮೆಕ್ಯಾನಿಕ್ ಯಾಕೆ ಅನ್ನೋದನ್ನ ಬಿಡಿಸಿ ಹೇಳ್ತೀನಿ, ಏಕೆಂದರೆ ಖರ್ಚು ಕಡಿಮೆ ಮಾಡೋಕೆ ಹೊರಟವರು ಮೊದಲು ಕೈ ಹಾಕೋದೇ ಅಲ್ಲಿಗೆ.

ಬಿಗಿ ಮಾಡಿದವನೇ ಚೆಕ್ ಮಾಡಬಾರದು. ನಂಬರ್ ಟೂ ಟಾರ್ಕ್ ರೆಂಚಲ್ಲಿ ಬಿಗಿ ಮಾಡಿ ಪೇಂಟ್ ಪೆನ್ನಲ್ಲಿ ಬೋಲ್ಟ್ ತಲೆಯಿಂದ ಪಕ್ಕದ ಲೋಹದವರೆಗೂ ಗೆರೆ ಎಳೀಬೇಕು. ನಂಬರ್ ಒನ್ ನೋಡಿ ಬೇರೆ ಬಣ್ಣದ ಗೆರೆ ಹಾಕಬೇಕು. ಗೆರೆ ಮುರಿದಿದ್ರೆ ಬೋಲ್ಟ್ ತಿರುಗಿದೆ ಅಂತ ದೂರದಿಂದಲೇ ಗೊತ್ತಾಗುತ್ತೆ. ಒಂದು ಮಾತು ನೆನಪಿರಲಿ: ಬಿಗಿಯಾಗಿರೋ ಬೋಲ್ಟ್ ಮೇಲೆ ರೆಂಚ್ ಇಟ್ಟು ‘ಕ್ಲಿಕ್’ ಅನ್ಸಿದ್ರೆ ಕಡಿಮೆ ಇಲ್ಲ ಅಂತ ಮಾತ್ರ ಅರ್ಥ. ಅತಿಯಾಗಿ ಬಿಗಿದಿದೆಯೋ ಇಲ್ಲವೋ ಅದು ಹೇಳಲ್ಲ.

ಬೋಲ್ಟ್ ಬಿಟ್ಟುಹೋಗೋದು ಸೋಮಾರಿತನದಿಂದಲ್ಲ, ಯಾರೋ ನಡುವೆ ಕರೆದಿದ್ದರಿಂದ. ನಾಲ್ಕರಲ್ಲಿ ಎರಡು ಬಿಗಿ ಮಾಡಿರ್ತಾನೆ, ‘ಸ್ವಲ್ಪ ಈ ಜ್ಯಾಕ್ ಹಿಡ್ಕೋ’ ಅಂತಾರೆ, ವಾಪಸ್ ಬಂದು ಬೇರೆ ಕೆಲಸ ಶುರು ಮಾಡ್ತಾನೆ. ನಿಯಮ ಹೀಗಿರಲಿ: ಕೆಲಸ ಅರ್ಧಕ್ಕೆ ಬಿಟ್ಟರೆ ಸ್ಟೀರಿಂಗ್‌ಗೆ ಕೆಂಪು ಚೀಟಿ ಕಟ್ಟಬೇಕು, ವಾಪಸ್ ಬಂದಾಗ ಆ ಜೋಡಣೆಯ ಮೊದಲ ಬೋಲ್ಟಿನಿಂದಲೇ ಮತ್ತೆ ಶುರು.

ಪ್ರತಿ ಭಾಗಕ್ಕೂ ಕಿಲೋಮೀಟರ್ ಪಟ್ಟಿ ಇಡಿ. ಡ್ರೈವ್‌ಶಾಫ್ಟ್, ಮುಂದಿನ ಚಕ್ರದ ಬೇರಿಂಗ್, ಗೇರ್‌ಬಾಕ್ಸ್, ಕ್ಲಚ್, ಬ್ರೇಕ್ ಡಿಸ್ಕ್ ಇವಕ್ಕೆ ಕಡ್ಡಾಯ. ಎಷ್ಟಕ್ಕೆ ಬದಲಿಸಬೇಕು ಅಂತ ತಯಾರಕರ ಕೈಪಿಡಿಯಲ್ಲೇ ಇರುತ್ತೆ. ಮುಂದಿನ ಚಕ್ರವೇ ಎಳೀಬೇಕು, ತಿರುಗಬೇಕು, ಬ್ರೇಕಿನ ಹೆಚ್ಚಿನ ಪಾಲೂ ಹೊರಬೇಕು. ಅದಕ್ಕೇ ಈ ಕಾರುಗಳಲ್ಲಿ ಸವೆಯೋದೆಲ್ಲ ಮುಂದೇನೇ. ಏಟು ಬಿದ್ದ ಭಾಗಕ್ಕೆ ಕಿಲೋಮೀಟರ್ ಲೆಕ್ಕ ಇಲ್ಲ, ಬಿಚ್ಚಿ ಹೊರಗೆ ಹಾಕಬೇಕು.

ಬೇರಿಂಗ್ ವಿಷಯದಲ್ಲಿ ಹೊಸ ತಂಡಗಳು ಪದೇಪದೇ ಎಡವೋ ಜಾಗ ಒಂದಿದೆ. ಡ್ರೈವರ್ ‘ಬ್ರೇಕ್ ಪೆಡಲ್ ಒಮ್ಮೊಮ್ಮೆ ಉದ್ದ ಹೋಗುತ್ತೆ’ ಅಂತಾರೆ. ಎಲ್ಲರೂ ಬ್ರೇಕ್ ಬ್ಲೀಡ್ ಮಾಡೋಕೆ (ಕೊಳವೆಯೊಳಗಿನ ಗಾಳಿ ತೆಗೆಯೋಕೆ) ಓಡ್ತಾರೆ, ಗಾಳಿಗುಳ್ಳೆ ಒಂದೂ ಬರಲ್ಲ. ನಿಜವಾದ ಕಾರಣ ಬೇರಿಂಗ್‌ನ ಪ್ಲೇ (ಸಡಿಲ). ತಿರುವಿನಲ್ಲಿ ಹಬ್ ಓರೆಯಾಗುತ್ತೆ, ಡಿಸ್ಕ್ ಪ್ಯಾಡನ್ನು ತಳ್ಳುತ್ತೆ, ಕ್ಯಾಲಿಪರ್ ಪಿಸ್ಟನ್ ಒಳಗೆ ಹೋಗುತ್ತೆ. ಮುಂದಿನ ಬ್ರೇಕಿಂಗ್‌ನಲ್ಲಿ ಆ ಖಾಲಿ ಜಾಗ ತುಂಬೋವರೆಗೂ ಪೆಡಲ್ ಇಳಿಯುತ್ತೆ. ಕಾರು ಒಳಗೆ ಬಂದ ಕೂಡಲೇ, ಬಿಸಿ ಇದ್ದಾಗಲೇ, ಚಕ್ರವನ್ನ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ ನೋಡಿ. ತಣ್ಣಗಾದ ಮೇಲೆ ಪ್ಲೇ ಸಿಗದೆ ಇರಬಹುದು. ಬೇರಿಂಗ್ ಸರಿ ಇದ್ದೂ ಇದೇ ದೂರು ಬಂದ್ರೆ ಕೆರ್ಬ್ (ಟ್ರ್ಯಾಕ್ ಅಂಚಿನ ಉಬ್ಬು) ಮೇಲೆ ಹತ್ತಿಸ್ತಿದ್ದಾರಾ ಅಂತ ವಿಡಿಯೋ ನೋಡಿ. ಹಾಗಿದ್ರೆ ಬ್ರೇಕ್ ಹಿಡಿಯೋ ಮುಂಚೆ ಎಡಗಾಲಲ್ಲಿ ಪೆಡಲ್ ಒಮ್ಮೆ ತಟ್ಟೋದು ಸಾಕು.

ಡಿಸ್ಕಿನ ಅಂಚಿಗೆ ಶಾಖದ ಬಣ್ಣ ಬಳಿಯೋದು ನಂಬರ್ ಟೂ ಕೆಲಸ. ಸಾಮಾನ್ಯವಾಗಿ ಸಿಗೋ ಮೂರರಲ್ಲಿ ಹಸಿರು 430, ಕಿತ್ತಳೆ 560, ಕೆಂಪು 610 ಡಿಗ್ರಿಗೆ ಬಣ್ಣ ಬದಲಿಸ್ತವೆ. ಮೂರೂ ಬದಲಾಗಿದ್ರೆ ಬ್ರೇಕ್ ಡಕ್ಟ್‌ಗೆ (ಬ್ರೇಕಿಗೆ ತಂಪು ಗಾಳಿ ತರುವ ಕೊಳವೆ) ಅಂಟಿಸಿದ ಟೇಪ್ ತೆಗೀರಿ. ಹಸಿರೂ ಬದಲಾಗಿಲ್ಲ ಅಂದ್ರೆ ಇನ್ನಷ್ಟು ಅಂಟಿಸಿ.

ಸ್ಲಿಕ್_ಸಿದ್ದ:
ಟೈರ್‌ಗೆ ಒಬ್ಬರು ದುಬಾರಿ ಅಂದ್ರಲ್ಲ, ಹನ್ನೊಂದರಲ್ಲಿ ಅತಿ ಕಡಿಮೆ ಖರ್ಚಿಗೆ ಅತಿ ಹೆಚ್ಚು ಸಮಯ ಉಳಿಸಿಕೊಡೋದು ಅವರೇ. ನನ್ನ ಕೇಳಿದ್ರೆ ಬಾಡಿ ಕೆಲಸದವರನ್ನ ಲಾರಿ ಡ್ರೈವರ್ ಜೊತೆ ಸೇರಿಸಿ ಹತ್ತಕ್ಕೆ ಇಳಿಸಿ, ಟೈರ್ ಮಾತ್ರ ಮುಟ್ಟಬೇಡಿ.

ಲೆಕ್ಕ ಮಾಡಿ ನೋಡಿ. 20 ಡಿಗ್ರಿಯಲ್ಲಿ 1.5 ಬಾರ್ ಗಾಳಿ ತುಂಬಿದ್ರಿ. ವಾತಾವರಣದ್ದು ಸೇರಿ 2.5. ಟೈರೊಳಗಿನ ಗಾಳಿ 80 ಡಿಗ್ರಿಗೆ ಏರಿದ್ರೆ 2.5 × 353 ÷ 293, ಹತ್ತಿರ ಹತ್ತಿರ 3.0. ಅಂದ್ರೆ ಗೇಜ್‌ನಲ್ಲಿ 2.0. ಈಗ ಎಡಗಡೆಯ ಎರಡು ಟೈರ್ ಬಿಸಿಲಲ್ಲಿ, ಬಲಗಡೆಯವು ನೆರಳಲ್ಲಿ ಇದ್ದವು ಅನ್ನಿ. ಬಿಸಿಲಿನವು 32 ಡಿಗ್ರಿ ಇದ್ದಾಗ ಅದೇ 1.5 ತುಂಬಿದ್ರೆ, 80 ಡಿಗ್ರಿಗೆ ಅವು 1.9 ಆಸುಪಾಸಿಗೇ ನಿಲ್ತವೆ. ಡ್ರೈವರ್ ಬಂದು ‘ಒಂದು ಕಡೆ ತಿರುಗುವಾಗ ಮೆತ್ತಗಿದೆ’ ಅಂತಾರೆ, ಎಂಜಿನಿಯರ್ ಆ್ಯಂಟಿರೋಲ್ ಬಾರ್ (ತಿರುವಿನಲ್ಲಿ ಕಾರು ವಾಲೋದನ್ನ ತಡೆಯೋ ಸರಳು) ಬದಲಿಸ್ತಾರೆ, ಕಾರು ಇನ್ನೂ ಕೆಡುತ್ತೆ. ಎಲ್ಲ ಟೈರೂ ಒಂದೇ ನೆರಳಲ್ಲಿ ಇರಬೇಕು, ರಿಮ್ ಉಷ್ಣತೆ ಅಳೆದು ಬರೆಯಬೇಕು, ಇಡೀ ತಂಡಕ್ಕೆ ಒಂದೇ ಗೇಜ್. ಒಣ ಗಾಳಿ ಅಥವಾ ನೈಟ್ರೋಜನ್ ಬಳಸಿ. ತೇವಾಂಶ ಇದ್ದರೆ ಬಿಸಿಯಾದಾಗ ಎಷ್ಟು ಏರುತ್ತೆ ಅನ್ನೋದಕ್ಕೆ ಲೆಕ್ಕವೇ ಸಿಗಲ್ಲ.

ಕಾರು ಒಳಗೆ ಬಂದಾಗ ಅಳೆಯೋ ಕ್ರಮ ಯಾವಾಗಲೂ ಒಂದೇ ಇರಲಿ. ಪ್ರದಕ್ಷಿಣೆಯ ಟ್ರ್ಯಾಕ್‌ನಲ್ಲಿ ಬಲ ತಿರುವು ಜಾಸ್ತಿ, ಹೆಚ್ಚು ಭಾರ ಹೊರೋದು ಎಡ ಮುಂದಿನ ಟೈರ್, ಮೊದಲು ಅದನ್ನೇ ಹಿಡೀರಿ. ಸೂಜಿ ಥರ್ಮಾಮೀಟರ್ ಒಳ ಅಂಚು, ನಡು, ಹೊರ ಅಂಚು ಮೂರು ಕಡೆ ಚುಚ್ಚಬೇಕು, ಮೇಲ್ಮೈ ಸವರಿದ್ರೆ ಪ್ರಯೋಜನ ಇಲ್ಲ. ಆಮೇಲೆ ಬಾರ್‌ಕೋಡ್. ಯಾವ ಟೈರ್ ಯಾವ ಕಾರಿಗೆ ಅಂತ ಅಧಿಕಾರಿಗಳ ಪಟ್ಟಿಯಲ್ಲಿ ನೋಂದಣಿ ಆಗಿರುತ್ತೆ. ಅವಸರದಲ್ಲಿ ಪಕ್ಕದ ಕಾರಿನ ಚಕ್ರ ಹಾಕಿದ್ರೆ ಕ್ವಾಲಿಫೈಯಿಂಗ್ ಸಮಯ ಹೋಗುತ್ತೆ. ಚಾಕಿನಲ್ಲಿ ಕಾರು ನಂಬರ್, ಜಾಗ, ಸೆಟ್ ನಂಬರ್, ಎಷ್ಟು ಸಲ ಬಿಸಿಯಾಗಿದೆ ಇಷ್ಟನ್ನೂ ಬರೀಬೇಕು.

ಡ್ರೈವರ್‌ಗೂ ಹೇಳಿಡಿ: ಮುಂದಿನ ಚಕ್ರ ಎಳೆಯೋ ಕಾರಿನಲ್ಲಿ ಹಿಂದಿನ ಟೈರ್ ಬಿಸಿಯಾಗೋದು ತೀರ ನಿಧಾನ. ಮುಂದಿನ ಟೈರ್ ಹಿಡಿತ ಕೊಟ್ಟಿತು ಅಂತ ಎರಡನೇ ಲ್ಯಾಪಲ್ಲೇ ಪೂರ್ತಿ ಹೋದ್ರೆ ಹಿಂಭಾಗ ತಿರುಗಿಬಿಡುತ್ತೆ. ಹೊರಡುವ ಲ್ಯಾಪ್‌ನಲ್ಲಿ ಬ್ರೇಕ್ ಬಯಾಸ್ (ಮುಂದಿನ, ಹಿಂದಿನ ಬ್ರೇಕಿನ ನಡುವಿನ ಹಂಚಿಕೆ) ಸ್ವಲ್ಪ ಹಿಂದಕ್ಕೆ ಇಟ್ಟು, ಬಿಸಿಯಾದ ಮೇಲೆ ಮುಂದಕ್ಕೆ ತರೋದು ರೂಢಿ. ಮುಂದಕ್ಕೆ ತರೋದನ್ನ ರೇಡಿಯೋದಲ್ಲಿ ನೆನಪಿಸೋದು ರೇಸ್ ಎಂಜಿನಿಯರ್ ಹೊಣೆ.

ಮೂರನೇ_ಗೇರ್:
ಎಲ್ಲರಿಗೂ ಧನ್ಯವಾದ, ಟೈರ್‌ಗೆ ಒಬ್ಬರು ಖಾಯಂ. ಎರಡು ರೇಸ್ ನಡುವೆ ಏಟು ತಿಂದ ಕಾರು ಬಂದ್ರೆ ಯಾರು ಏನು ಮಾಡಬೇಕು? ಎಲ್ಲರೂ ಒಟ್ಟಿಗೆ ಮೇಲೆ ಬೀಳ್ತಾರೆ ಅನ್ನೋದೇ ಭಯ.

ಪಿಟ್‌ಗೋಡೆ:
ಭಯ ಸರಿಯಾಗೇ ಇದೆ. ಮ್ಯಾನೇಜರ್ ಮೊದಲು ಗಡಿಯಾರ ನೋಡಬೇಕು: ಗ್ರಿಡ್‌ಗೆ ಹೋಗಲು ಪಿಟ್ ಲೇನ್ ಮುಚ್ಚುವ ಸಮಯದಿಂದ ಹಿಂದಕ್ಕೆ ಎಣಿಸಿ ‘ಇಷ್ಟು ನಿಮಿಷ’ ಅಂತ ಬೋರ್ಡ್ ಮೇಲೆ ಬರೆಯೋದು. ನಂಬರ್ ಒನ್ ಒಬ್ಬರೇ ಚಕ್ರ ಬಿಚ್ಚಿಸಿ ನೋಡಿ ಪಟ್ಟಿ ಹೇಳಬೇಕು, ಉಳಿದವರು ಅಷ್ಟು ಹೊತ್ತು ಉಪಕರಣ ಜೋಡಿಸಿಕೊಳ್ಳಲಿ. ಬಾಡಿ ಕೆಲಸಕ್ಕೆ ಕೈ ಹಚ್ಚೋದು ಕೊನೆಗೆ. ಮೊದಲು ನೀರು, ಎಣ್ಣೆ ಸೋರುತ್ತಿದೆಯೇ. ಮುಂದೆ ಗುದ್ದಿದ್ದರೆ ರೇಡಿಯೇಟರ್, ಇಂಟರ್‌ಕೂಲರ್. ಆಮೇಲೆ ಟೈ ರಾಡ್, ಲೋವರ್ ಆರ್ಮ್, ಅಪ್‌ರೈಟ್ (ಚಕ್ರದ ಹಬ್ ಹಿಡಿದಿರುವ ಭಾಗ), ಡ್ರೈವ್‌ಶಾಫ್ಟ್. ಏಟು ಬಿದ್ದ ಬದಿ ಮಾತ್ರ ನೋಡಿ ಬಿಡಬೇಡಿ, ಸ್ಟೀರಿಂಗ್ ರ‍್ಯಾಕ್ ಮೂಲಕ ಆಚೆ ಬದಿಗೂ ಏಟು ಹೋಗಿರುತ್ತೆ.

ಸ್ಥಳದಲ್ಲಿ ಒಂದೊಂದೇ ತುಂಡು ಬದಲಿಸೋಕೆ ಹೊತ್ತಿಲ್ಲ. ಅಪ್‌ರೈಟ್, ಹಬ್, ಬೇರಿಂಗ್, ಡಿಸ್ಕ್ ಎಲ್ಲ ಜೋಡಿಸಿದ ಇಡೀ ಮೂಲೆ ಎಡಕ್ಕೊಂದು ಬಲಕ್ಕೊಂದು ಲಾರಿಯಲ್ಲಿ ಸಿದ್ಧ ಇರಲಿ. ಹಾಕಿದ ಮೇಲೆ ಕಾರಿನ ಎರಡೂ ಬದಿಗೆ ಸಮಾನಾಂತರವಾಗಿ ದಾರ ಕಟ್ಟಿ, ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ದೂರ ಅಳೆದು ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸರಿಮಾಡಿ. 18 ಇಂಚಿನ ರಿಮ್‌ನಲ್ಲಿ 1 ಮಿ.ಮೀ. ವ್ಯತ್ಯಾಸ ಅಂದರೆ ಸುಮಾರು 0.12 ಡಿಗ್ರಿ. ಕಾರ್ನರ್ ತೂಕ (ಪ್ರತಿ ಚಕ್ರದ ಮೇಲೆ ಬೀಳುವ ಭಾರ) ನೋಡೋಕೆ ಸಮಯ ಸಿಗಲ್ಲ, ಆದ್ದರಿಂದ ಬದಲಿ ಮೂಲೆಯ ಸ್ಪೇಸರ್, ಶಿಮ್‌ಗಳನ್ನು ಮನೆಯಲ್ಲೇ ಅಸಲಿನಷ್ಟೇ ಇಟ್ಟಿರಬೇಕು. ಬ್ರಿಟಿಷ್ ಸರಣಿಯಲ್ಲಿ ಭಾನುವಾರ ಒಂದೇ ದಿನ ಮೂರು ರೇಸ್ ಇರುತ್ತೆ. ಅಲ್ಲಿನ ತಂಡಗಳ ಗ್ಯಾರೇಜ್ ವಿಡಿಯೋ ಸಿಕ್ಕರೆ ಕೈಗಿಂತ ಹೆಚ್ಚಾಗಿ ಯಾರು ಸುಮ್ಮನೆ ನಿಂತಿದ್ದಾರೆ ಅಂತ ಗಮನಿಸಿ.

ಕಾರು ಹೊರಡಲು ಯೋಗ್ಯವೇ ಅನ್ನೋದು ನಂಬರ್ ಒನ್ ಮಾತು. ಅವರು ಬೇಡ ಅಂದ್ರೆ ಮಾಲೀಕರು ಹೇಳಿದ್ರೂ ಹೋಗಬಾರದು. ಇದನ್ನು ಸೀಸನ್ ಶುರುವಾಗೋ ಮುಂಚೆಯೇ ಎಲ್ಲರೆದುರು ಹೇಳಿಬಿಡಿ.

ತೂಕದ_ತಕ್ಕಡಿ:
ಯಾರೂ ಹೇಳದ ಒಂದು ಕೆಲಸ: ತೂಕದ ಹೊಣೆ ಯಾರದು? ಬ್ಯಾಲೆನ್ಸ್ ನಿಯಮದಂತೆ ಹೊರಬೇಕಾದ ತೂಕ, ಗೆದ್ದ ಕಾರಿಗೆ ಬೀಳುವ ಹೆಚ್ಚುವರಿ ತೂಕ ಪ್ರತಿ ರೇಸ್ ವಾರಾಂತ್ಯಕ್ಕೂ ಬದಲಾಗಬಹುದು. ರೇಸ್ ಎಂಜಿನಿಯರ್ ಲೆಕ್ಕ ಹಾಕ್ತಾರೆ, ನಂಬರ್ ಟೂ ತೂಕದ ತಟ್ಟೆ ಬೋಲ್ಟ್ ಮಾಡ್ತಾರೆ, ಡೇಟಾ ಎಂಜಿನಿಯರ್ ಎಣಿಸಿ ಸಹಿ ಹಾಕಲಿ. ಪೆಟ್ರೋಲ್ ಲೀಟರ್‌ಗೆ ಸುಮಾರು 0.75 ಕೆ.ಜಿ., 10 ಲೀಟರ್ ತಪ್ಪಾದ್ರೆ 7.5 ಕೆ.ಜಿ. ಟೈರ್, ಪ್ಯಾಡ್ ಸವೆತ, ಮುರಿದು ಬಿದ್ದ ಬಂಪರ್ ತುಂಡು ಎಲ್ಲ ಸೇರಿ ರೇಸ್ ಮುಗಿದಾಗ ಕನಿಷ್ಠಕ್ಕಿಂತ 2-3 ಕೆ.ಜಿ. ಮೇಲಿರುವಂತೆ ಇಡಿ. ಟ್ಯಾಂಕ್‌ನಲ್ಲಿ ಮಾದರಿ ಪರೀಕ್ಷೆಗೆ ಬೇಕಾದಷ್ಟು ಪೆಟ್ರೋಲ್ ಉಳಿಯಬೇಕು ಅನ್ನೋದೂ ಇದೇ ಲೆಕ್ಕದೊಳಗೆ ಬರಲಿ.

ಮುಂದೆ ದೀರ್ಘ ರೇಸ್‌ಗೆ ಹೋಗೋ ಆಸೆ ಇದ್ದರೆ ಈ ಹನ್ನೊಂದು ಸಾಲದು. ಆಸ್ಟ್ರೇಲಿಯಾದ ಸಾವಿರ ಕಿಲೋಮೀಟರ್ ರೇಸ್ ಬಾಥರ್ಸ್ಟ್ 1000ದಲ್ಲಿ 161 ಲ್ಯಾಪ್, ಕಾರಿಗೆ ಇಬ್ಬರು ಡ್ರೈವರ್, ನಡುವೆ ಇಂಧನ ತುಂಬೋದು. ಇಂಧನದ ಕೊಳವೆ ಹಿಡಿಯೋರು, ಬೆಂಕಿ ಆರಿಸೋ ಬಾಟಲಿ ಹಿಡಿದು ನಿಲ್ಲೋರು, ಚಕ್ರದ ಗನ್ನಿನವರು, ಡ್ರೈವರ್ ಬದಲಾಗುವಾಗ ಬೆಲ್ಟ್ ಕಟ್ಟೋರು ಬೇರೆ ಬೇರೆಯೇ ಆಗಬೇಕು. ನೀವು ಹೇಳಿದ ಸ್ಪ್ರಿಂಟ್‌ಗೆ ಅದ್ಯಾವುದೂ ಬೇಡ. ಪೆಟ್ರೋಲ್ ಗ್ಯಾರೇಜಿನಲ್ಲಿ ತುಂಬುವಾಗ ಮಾತ್ರ ಒಬ್ಬರು ಬೆಂಕಿ ಬಾಟಲಿ ಹಿಡಿದು ಪಕ್ಕದಲ್ಲಿರಲಿ, ಆ ಹೊತ್ತಲ್ಲಿ ಕಾರಿಗೆ ಬೇರೆ ಯಾವ ಕೆಲಸವೂ ನಡೆಯದಿರಲಿ.